ಕೋಟೆಗೆ ನೀರು ಬರುವ ದಾರಿ

ಕಂಪ್ಲಿ ಕೋಟೆಯ ಶಾಲೆಯಲ್ಲಿ ಬಿಸಿಯೂಟ ಮಾಡುವ ಹುಲುಗಮ್ಮ ಚಹಾ ಕೊಡಲು ಒಳಗೆ ಹೋದಾಗ ಮೇಜಿನ ಮೇಲೆ ಊರಿನ ನಕ್ಷೆ ಹಾಸಿತ್ತು. ಮಳೆಗಾಲಕ್ಕೆ ಮೊದಲೇ ಪ್ರವಾಹದ ತಯಾರಿ ನೋಡಲು ಅಧಿಕಾರಿಗಳು ಬಂದಿದ್ದರು. ಅವರಲ್ಲಿ ಹಿರಿಯರಾದ ಲಿಂಗರಾಜ್, "ಡ್ಯಾಂ ನೀರು ಬಿಟ್ರ ಮುನ್ನೂರು ಮಂದಿನ್ನ ಇದೇ ಶಾಲ್ಯಾಗ ಇಡಬಹುದಲ್ಲ?" ಅನ್ನುತ್ತಿದ್ದರು.

ಹುಲುಗಮ್ಮನಿಗೆ ಸುಮ್ಮನಿರಲಾಗಲಿಲ್ಲ. "ಇಲ್ಲಿ ಬ್ಯಾಡ್ರಿ ಸರ. ಶಾಲಿ ಮುಳುಗಂಗಿಲ್ಲ, ಖರೆ. ಆದ್ರ ನೀರು ಬಾಳಿತೋಟದಾಗ ಹಾದು ಮೊದ್ಲು ಪೇಟಿಗೆ ಹೋಗೋ ದಾರಿ ಕಟ್ತೈತಿ. ಒಳಗಿದ್ದೋರು ಒಳಗ ಉಳಿತಾರ."

"ನಿಮಗ ಹೆಂಗ ಗೊತ್ತಮ್ಮ?"

"ನಮ್ಮತ್ತಿ ತೋರ್ಸಿದ್ಲ್ರಿ."

ಹಿಂದೊಮ್ಮೆ ಪ್ರವಾಹ ಬಂದಾಗ ಅವಳಿನ್ನೂ ಹೊಸ ಸೊಸೆ. ಹೊಳೆ ಮೆಟ್ಟಿಲು ಮುಚ್ಚುತ್ತಿದ್ದಂತೆ, ನೀರು ಬಾಳೆತೋಟ ಹಾದು ದಾರಿ ಕಟ್ಟುವ ಮೊದಲೇ, ಅತ್ತೆ ಯಲ್ಲಕ್ಕ ತಾಟು ಬಡಿಯುತ್ತಾ ಮನೆಮನೆಗೆ ಓಡಿದಳು. ಎಲ್ಲಿ ಬಾಣಂತಿ, ಎಲ್ಲಿ ಮುದುಕರು ಎಂಬುದು ಅವಳ ಬಾಯಲ್ಲೇ ಇತ್ತು. ಕಣ್ಣಿಲ್ಲದ ಎರ್ರಿಯಪ್ಪಜ್ಜನನ್ನು ನಾಲ್ವರು ಹೊರಸಿನ ಮೇಲೆ ಹೊತ್ತರೆ, ಆತ ದಾರಿಯುದ್ದಕ್ಕೂ "ನನ್ನ ಬೀಡಿ ಕಟ್ಟು ತರ್ರಿಲೇ" ಎಂದು ಬೈಯುತ್ತಿದ್ದ. ಮೂರು ದಿನ ಪೇಟೆಯ ಗೋದಾಮಿನಲ್ಲಿ ಇಡೀ ಕೋಟೆ ಒಂದೇ ಪಂಕ್ತಿಯಲ್ಲಿ ಕೂತು ಗಂಜಿ ಉಂಡಿತು. ಬದುವಿನ ಜಗಳದಲ್ಲಿ ಮಾತು ಬಿಟ್ಟವರೂ ಒಬ್ಬರಿಗೊಬ್ಬರು ಉಪ್ಪಿನಕಾಯಿ ದಾಟಿಸಿದರು. ದೊಡ್ಡ ಹಂಡೆಯ ಗಂಜಿ ತಿರುವಲು ಕೂತ ಸೊಸೆಯನ್ನು ನೋಡಿ, "ಹುಡುಗಿ ಕೈಯಾಗ ಅಳತಿ ಐತಿ" ಅಂದಿದ್ದಳು ಅತ್ತೆ. ಆಕೆ ಹೊಗಳಿದ್ದು ಅದೇ ಮೊದಲು.

"ಹಂಗಾದ್ರ ಈಗ ಯಾರ್‍ಯಾರನ್ನ ಎತ್ಕೊಂಡು ಹೋಗಬೇಕು, ಹೇಳ್ರಿ," ಲಿಂಗರಾಜ್ ಕುರ್ಚಿ ಎಳೆದು ಕೊಟ್ಟರು.

"ಮಣಕಾಲು ಹೋದ ಚೆನ್ನಬಸಮ್ಮ. ಹುಸೇನಮ್ಮ ಆಡು ಬಿಟ್ಟು ಬರಂಗಿಲ್ಲ, ಆಡಿಗೂ ಜಾಗ ಬರೀರಿ. ಆಮ್ಯಾಲ ನಮ್ಮನಿ, ನಮ್ಮತ್ತಿ..." ಎಂದವಳು ತಟ್ಟನೆ ಮಾತು ನಿಲ್ಲಿಸಿದಳು. ಯಲ್ಲಕ್ಕ ತೀರಿಕೊಂಡು ಆರು ತಿಂಗಳಾಗಿತ್ತು. "ಅದು ಬ್ಯಾಡ್ರಿ. ಮುಂದಿನ ಮನಿ ಬರೀರಿ."

ಪೇಟೆ ಕಡೆ ಎತ್ತರದಲ್ಲಿರುವ ಹಾಸ್ಟೆಲ್ಲನ್ನೇ ಅಧಿಕಾರಿಗಳು ಗೊತ್ತು ಮಾಡಿದರು. ಆಗಸ್ಟಿನಲ್ಲಿ ನೀರು ಬಿಡುವ ಸುದ್ದಿ ಬಂದಾಗ, ದಾರಿ ಕಟ್ಟುವ ಮುಂಚೆಯೇ ಎಲ್ಲರೂ ಅಲ್ಲಿ ಸೇರಿದ್ದರು, ಆಡುಗಳೂ ಸೇರಿ. ಊಟ ಪೊಟ್ಟಣದಲ್ಲಿ ಬಂತು. ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದರು. ಹುಲುಗಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ವರಾಂಡದಲ್ಲಿ ಉದ್ದಕ್ಕೆ ಜಮಖಾನ ಹಾಸಿ, "ಬರ್ರಿ, ಸಾಲಾಗಿ ಕುಂದ್ರಿ" ಎಂದು ಕರೆದಳು.