ಹನ್ನೊಂದು ಗಂಟೆಯ ಚೌಕ

ವಾರಿಜಕ್ಕನಿಗೆ ವಾಚು ಬೇಕಾಗಿರಲಿಲ್ಲ. ಕಣ್ಣು ಮುಚ್ಚಿ, ಎಡಗೈ ಬೆರಳುಗಳನ್ನು ಮೊಣಕಾಲ ಮೇಲೆ ತಟ್ಟುತ್ತ, "ಅಮ್ಮಾ, ಗಂಜಿ ಇನ್ನು ನಾಲ್ಕು ನಿಮಿಷ" ಎನ್ನುತ್ತಿದ್ದಳು. ಸರಿಯಾಗಿ ನಾಲ್ಕಕ್ಕೇ ಅಕ್ಕಿ ಬೇಯುತ್ತಿತ್ತು. "ಇವಳ ಬಾಯಿ ಅಂದರೆ ನನಗೆ ಹೆದರಿಕೆ" ಎಂದು ಅಮ್ಮ ಗೊಣಗುತ್ತಿದ್ದರು.

ಎಂಬತ್ತರ ದಶಕದ ಕೊನೆಗೆ ನಾವಿಬ್ಬರೂ ತೊಕ್ಕೊಟ್ಟಿನಿಂದ ಬಸ್ಸು ಹತ್ತಿ ಬೈಕಂಪಾಡಿಯ ಒಂದೇ ವರ್ಕ್‌ಶಾಪಿಗೆ ಹೋಗುತ್ತಿದ್ದೆವು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಲೇತಿನಲ್ಲಿ ಬೋಟಿನ ಶಾಫ್ಟ್ ಕಡೆಯುತ್ತಿದ್ದೆ. ಅಕ್ಕನಿಗೆ ಆಫೀಸಿನ ಹೊಸ ಕಂಪ್ಯೂಟರು. ಪರದೆಯ ತುಂಬ ಚೌಕಗಳು. ಕೆಲಸ ಶುರುವಾದ ಹೊತ್ತು, ಮುಗಿದ ಹೊತ್ತು, ಗಂಟೆಯ ಕೂಲಿ ಹೊಡೆದರೆ ಸಾಕು, ಎಷ್ಟು ಗಂಟೆ ಹಿಡಿಯಿತು, ಎಷ್ಟು ಖರ್ಚಾಯಿತು ಎಂದು ಕೊನೆಯ ಚೌಕಗಳಲ್ಲಿ ತಾನೇ ಬರುತ್ತಿತ್ತು. ಆ ಸೂತ್ರ ಅವಳೇ ಬರೆದದ್ದು. ಎಲ್ಲ ಕೆಲಸಕ್ಕೂ ಅದೇ ಹಾಳೆ.

"ಹನ್ನೊಂದು ಗಂಟೆಯ ಶಾಫ್ಟಿಗೆ ನಿನಗೆ ಹದಿನಾರು ಯಾಕೆ ದಯಾ? ಉಳಿದ ಐದು ಗಂಟೆ ಎಂತ ಮಾಡ್ತೀ ಮಾರಾಯ?" ಎಂದು ಅಕ್ಕ ಒಂದು ದಿನ ಕೇಳಿದಳು.

ಶೆಡ್ಡಿನ ಹಿಂದೆ ಇಸ್ಪೀಟು ಆಡುತ್ತಿದ್ದೆ. ಅವಳು ಊಟಕ್ಕೆ ಹೋದಾಗ ಕಂಪ್ಯೂಟರಿನ ಚೌಕದಲ್ಲಿ ಹದಿನಾರರ ಮೇಲೆ ಹನ್ನೊಂದು ಹೊಡೆದುಬಿಟ್ಟೆ. ಅಂಕಿ ಹೊಡೆದರೆ ಒಳಗಿನ ಸೂತ್ರವೇ ಅಳಿಯುತ್ತದೆಂದು ನನಗೆಲ್ಲಿ ಗೊತ್ತು! ಅದನ್ನು ಗಮನಿಸದೆ ಸಂಜೆ ಆ ಹಾಳೆಯನ್ನು ಫ್ಲಾಪಿಯಲ್ಲಿ ಉಳಿಸಿಟ್ಟವಳು ಅಕ್ಕನೇ.

ಆಮೇಲೆ ಯಾವ ಹೊತ್ತು ಕೊಟ್ಟರೂ ಆ ಚೌಕ ಹನ್ನೊಂದನ್ನೇ ತೋರಿಸಿತು. ಎರಡು ದಿನದ ಕೆಲಸಕ್ಕೂ ಹನ್ನೊಂದು. ಅಕ್ಕ ಕಂಡುಹಿಡಿದು ಸೂತ್ರ ಮತ್ತೆ ಬರೆದಳು. ಮತ್ತೆ ನನ್ನ ಹದಿನಾರು ಎದ್ದು ಬಂತು. ಈ ಸಲ ಗೊತ್ತಿದ್ದೇ ಅಳಿಸಿದೆ. ಹೀಗೆ ಮೂರು ಸಲ.

"ವಾರಿಜಕ್ಕ, ಪೆಟ್ಟಿಗೆಯೊಳಗೆ ಎಂತದೋ ಕೂತಿದೆ. ಯಾರಾದರೂ ಜೋಯಿಸರಲ್ಲಿ ಕೇಳಿಸಿ" ಎಂದ ಫೋರ್‌ಮನ್ ಮೋನಪ್ಪಣ್ಣ. ಯಾರೂ ನಗಲಿಲ್ಲ.

ಬಸ್ಸಿನಲ್ಲಿ ಅಕ್ಕ ಮೆಲ್ಲಗೆ ಕೇಳಿದಳು: "ನಾನೇ ಅಳಿಸಿ ಮರೆಯುತ್ತಿದ್ದೇನಾ ದಯಾ? ನನ್ನ ತಲೆ ಸರಿ ಉಂಟಲ್ಲ?"

"ನನಗೆಂತ ಗೊತ್ತು ಅಕ್ಕ? ಅದು ಇಂಗ್ಲಿಷಿನ ಪೆಟ್ಟಿಗೆ."

ಆ ಹನ್ನೊಂದನ್ನೇ ನಂಬಿ ಧಣಿಗಳು ದೊಡ್ಡ ಕೆಲಸವೊಂದನ್ನು ಕಡಿಮೆ ದರಕ್ಕೆ ಹಿಡಿದು ಕೈ ಸುಟ್ಟುಕೊಂಡರು. ಅಕ್ಕನನ್ನು ತೆಗೆದುಹಾಕಿದರು. ನಾನು ಲೇತಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದೆ.

ಮನೆಯಲ್ಲಿ ಅವಳ ಬೆರಳು ತಟ್ಟುವುದು ನಿಲ್ಲಲಿಲ್ಲ, ಲೆಕ್ಕ ಮಾತ್ರ ಬದಲಾಯಿತು. ಗಂಜಿ ಎಷ್ಟು ಹೊತ್ತು? ಹನ್ನೊಂದು. ಬಸ್ಸು? ಹನ್ನೊಂದು. ಗಡಿಯಾರ ಹಿಡಿದು ನೋಡಿದೆ. ಗಂಜಿ ಹನ್ನೊಂದು ನಿಮಿಷಕ್ಕೇ ಬೆಂದಿತು. ಬಸ್ಸೂ ಹಾಗೇ ಬಂತು. ಅಮ್ಮ ಕೇಳುವುದನ್ನೇ ಬಿಟ್ಟರು.

ಅದೇ ವರ್ಷ ಅವಳಿಗೆ ಜ್ವರ ತಲೆಗೇರಿತು. ಅತ್ತಾವರದ ಆಸ್ಪತ್ರೆಗೆ ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ. ಅಕ್ಕ ನಿದ್ದೆಯಲ್ಲಿದ್ದಳು. ಮಂಚದ ಪಕ್ಕ ಕೂತು, ನಿದ್ದೆ ಮಾಡುವವಳ ಕಿವಿಗೇ ಹೇಳಿದೆ: ಇಸ್ಪೀಟು, ಹದಿನಾರು, ಮೂರು ಸಲ. ಹೇಳಿ ಮುಗಿಸಿ ಗೋಡೆಯ ಗಡಿಯಾರ ನೋಡಿದೆ. ನಾನು ಬಂದು ಹನ್ನೊಂದು ನಿಮಿಷವಾಗಿತ್ತು.

ಹೊದಿಕೆಯ ಕೆಳಗೆ ಬೆರಳುಗಳು ತಟ್ಟತೊಡಗಿದವು.

"ಬಂದು ಎಷ್ಟು ಹೊತ್ತಾಯಿತು ದಯಾ?"

"ಈಗಷ್ಟೇ ಅಕ್ಕ. ಎರಡು ನಿಮಿಷ."

ಅವಳು ಕಣ್ಣು ತೆರೆಯಲಿಲ್ಲ.

"ಪುನಃ ತಿದ್ದಬೇಡ ಮಾರಾಯ" ಎಂದಳು.

ಬೆರಳುಗಳು ನಿಂತವು.