ಕಾಕು ಕೇಳಿಸಿಕೊಂಡ ಉಸಿರು

ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಬೇರೆ ಗ್ರಹದ ಸಿನಿಮಾ ನೋಡುತ್ತಿದ್ದಾಳೆ. ಗೋಡೆಯ ಈಚೆಗೆ ನನಗೆ ಕೇಳುವುದು ಸದ್ದು ಮಾತ್ರ. ಮೊದಲು ಗಾಳಿ, ಆಮೇಲೆ ಶಿರಸ್ತ್ರಾಣದೊಳಗೆ ಯಾರದೋ ಉಸಿರು. ಈ ವಯಸ್ಸಿನಲ್ಲೂ ಗೋಡೆಗೆ ಕಿವಿ ಹಚ್ಚಿ ಆ ಉಸಿರನ್ನು ಎಣಿಸುತ್ತೇನೆ. ನಗಬೇಡಿ, ಕಾರಣವಿದೆ.

ಅದು ಬರದ ಎರಡನೆಯ ವರ್ಷ. ಮುರುಮ ಊರಿನ ನಮ್ಮ ಕಾಳಿನ ಅಂಗಡಿಗೆ ಕಾಳೂ ಇಲ್ಲ, ಗಿರಾಕಿಯೂ ಇಲ್ಲ. ಬೇಸತ್ತ ಕಾಕಾ, ಅಂದರೆ ನನ್ನ ಚಿಕ್ಕಪ್ಪ, ಒಂದು ಮಧ್ಯಾಹ್ನ ತನ್ನ ಹೆಂಡತಿ ಕಾಕುವನ್ನೂ, ಕಾಲೇಜು ಓದುತ್ತಿದ್ದ ನನ್ನನ್ನೂ ಪಕ್ಕದ ಪೇಟೆ ಉಮರ್ಗಾಕ್ಕೆ ಕರೆದೊಯ್ದು ಇಂಥದೇ ಸಿನಿಮಾ ತೋರಿಸಿದ. ಆ ಲೋಕದ ಪ್ರಾಣಿ ರಬ್ಬರಿನದೆಂದು ಕಂಡ ಕೂಡಲೇ ತಿಳಿಯುತ್ತಿತ್ತು. ಹೆದರಿದ್ದು ಕಿವಿ. ಹಾಡಿಲ್ಲ, ಬಾಜಾ ಇಲ್ಲ. ಗಗನಯಾತ್ರಿಯ ಉಸಿರೊಂದೇ ಟಾಕೀಸು ತುಂಬಿತು, ಭಾರವಾಯಿತು, ನಿಧಾನವಾಯಿತು. ಅವನು ಕುಸಿಯುವ ಮೊದಲೇ ಕಾಕು ನನ್ನ ಕೈ ಹಿಡಿದಿದ್ದಳು.

"ಅಂವಾ ಹೋದ್ನವ್ವ," ಎಂದಳು, "ಸದ್ದ ಹೇಳಲಿಕತ್ತದ."

ಬಸ್ಸಿನಲ್ಲಿ ಕಾಕಾ ಅವಳನ್ನು ಗೇಲಿ ಮಾಡುತ್ತಲೇ ಬಂದ. ನಾನೂ ಸೇರಿಕೊಂಡೆ.

ಎಂಟು ದಿನ ಕಳೆಯುವುದರೊಳಗೆ ಹಿತ್ತಲ ಬಾವಿ ಬತ್ತಿತು. ಹೂಳು ತೆಗೆಯಲು ಕಾಕಾ ಸೊಂಟಕ್ಕೆ ಹಗ್ಗ ಬಿಗಿದು ತಾನೇ ಇಳಿದ. ಮೇಲೆ ಹಗ್ಗ ಹಿಡಿದವರು ನೆರೆಮನೆಯ ಅಣ್ಣ ತಮ್ಮ.

"ಇಲ್ಲಿ ಸಿನಿಮಾದಾಗಿನ ಊರೇ ಅದ ನೋಡ್ರೀ!" ಎಂದು ಕೆಳಗಿನಿಂದ ಕೂಗಿ ನಕ್ಕ. ಆ ನಗು ಕಲ್ಲಿಗೆ ತಾಗಿ, ಬೇರೆ ಯಾರದೋ ಆಗಿ ಮೇಲೆ ಬಂತು. ಸ್ವಲ್ಪ ಹೊತ್ತಿಗೆ ಸಲಿಕೆಯ ಸದ್ದು ನಿಂತಿತು. ಏದುಸಿರು ಮಾತ್ರ ಉಳಿಯಿತು.

"ಮ್ಯಾಲ ಎಳೀರಿ!" ಕಾಕು ಚೀರಿದಳು.

"ದಣದಾನ ವೈನಿ, ಜರಾ ಕುಂದರಲಿ ಬಿಡ್ರಿ," ಎಂದ ನೆರೆಮನೆಯ ಅಣ್ಣ.

ಕಾಕು ಹಗ್ಗಕ್ಕೆ ಕೈಹಾಕಿ ತಾನೇ ಎಳೆಯತೊಡಗಿದಳು. ನಾವೆಲ್ಲ ಕೈಜೋಡಿಸಿದೆವು. ಮೇಲೆ ಬಂದ ಕಾಕಾನ ತುಟಿ ನೀಲಿಯಾಗಿತ್ತು, ಕುತ್ತಿಗೆ ನಿಲ್ಲುತ್ತಿರಲಿಲ್ಲ. ತಳದಲ್ಲಿ ಕೆಟ್ಟ ಗಾಳಿ ತುಂಬಿತ್ತಂತೆ. ಬೇವಿನ ನೆರಳಲ್ಲಿ ಮಲಗಿಸಿ ಗಾಳಿ ಹಾಕಿದೆವು. ಕೊನೆಗೆ ಅವನು ಜೋರಾಗಿ ಉಸಿರೆಳೆದು ಕೆಮ್ಮಿದ.

ಸಂಜೆ ಚಹಾ ಹಿಡಿದು ಕೂತ ಕಾಕಾ ಮೆಲ್ಲಗೆ ಹೇಳಿದ: "ಕೆಳಗ ನಿಮ್ಮ ಮಾತ ಕೇಳಸ್ತಿತ್ತು. ಖರೆ, ನಮ್ಮ ಮಂದಿ ಅಂತ ಅನಸಲಿಲ್ಲ."

ಕಾಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗೇಲಿ ಮಾಡಿದ್ದ ನಾನು ತಲೆ ಎತ್ತಲಿಲ್ಲ.

ಮೊನ್ನೆ ನೆಲದೊಳಗಿನ ನೀರಿನ ಟಾಕಿ ತೊಳೆಯಲು ಒಬ್ಬಾತ ಬಂದಿದ್ದ. ಅವನು ಒಳಗಿಳಿದ ಮೇಲೆ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಊರು ಯಾವುದು, ಮಕ್ಕಳೆಷ್ಟು ಎಂದು ಕೇಳುತ್ತಲೇ ಇದ್ದೆ. ಅವನಿಗೆ ರೇಗಿತು.

"ಅಮ್ಮಾರ, ಕೆಲಸ ಮಾಡಗೊಡ್ರೀ!"

"ಮಾಡಪ್ಪಾ," ಎಂದೆ, "ಮಾತಾಡಕೋತ ಮಾಡು."