ಇಟಾಸ್ಕಾದಲ್ಲಿ ಹೇಳಿದ್ದು, ಕಪಾಟಿನಿಂದ ಕೊಟ್ಟಿದ್ದು

ಕಳೆದ ಶನಿವಾರ ಶಿಕಾಗೋ ಹತ್ತಿರದ ಇಟಾಸ್ಕಾದ ಹೋಟೆಲೊಂದರಲ್ಲಿ ನೂರಾರು ಫ್ಯಾಮಿಲಿ ಡಾಕ್ಟರುಗಳ ಮುಂದೆ ನಿಂತು ಬುದ್ಧಿ ಹೇಳುತ್ತಿದ್ದೆ.

ನಾನು ಸೋಂಕು ರೋಗಗಳ ಡಾಕ್ಟರು. ಈಚಿನ ಸಂಶೋಧನೆಗಳಿಂದ ದಿನನಿತ್ಯದ ಪ್ರಾಕ್ಟೀಸ್‌ನಲ್ಲಿ ಏನು ಬದಲಾಗಬೇಕು ಎಂಬುದು ಅಂದಿನ ವಿಷಯ.

ಹಲವು ಸೋಂಕುಗಳಿಗೆ ಮೊದಲಿನಷ್ಟು ದಿನ ಆಂಟಿಬಯೋಟಿಕ್ ಬೇಕಿಲ್ಲ, ಕಡಿಮೆ ದಿನ ಸಾಕು ಎಂದೆ. ವೈರಲ್ ಕೆಮ್ಮಿಗಂತೂ ಬೇಡವೇ ಬೇಡ, ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ರೋಗಿ ಹಟ ಹಿಡಿದರೆಂದು ಬರೆದುಕೊಡಬೇಡಿ ಎಂದೆ.

ಜೋರು ಚಪ್ಪಾಳೆ. ನನಗೂ ಹೆಮ್ಮೆ ಅನಿಸಿತು, ಸುಳ್ಳೇಕೆ ಹೇಳಲಿ.

ಊಟದ ಹೊತ್ತಿಗೆ ಮಿಶಿಗನ್‌ನ ಸ್ಟರ್ಲಿಂಗ್ ಹೈಟ್ಸ್‌ನಿಂದ, ನಮ್ಮ ಕನ್ನಡ ಬಳಗದ ಗಂಗಾಧರ ಅಂಕಲ್ ಫೋನ್. "ನಿಮ್ಮ ಆಂಟಿನ್ನ ಅಡ್ಮಿಟ್ ಮಾಡೀವಿ ನೋಡವ್ವಾ. ನಾಕ್ ದಿನದಿಂದ ಒಂದೇ ಸಮ ಭೇದಿ. ಎದ್ದು ನಿಂದ್ರಾಕೂ ಆಗವಲ್ದು."

ಕೈಯಲ್ಲಿದ್ದ ಸ್ಯಾಂಡ್‌ವಿಚ್ ಹಾಗೇ ಕೆಳಗಿಟ್ಟೆ. ನನಗೆ ಕಾರಣ ಗೊತ್ತಿತ್ತು...

ಮೂರು ವಾರದ ಹಿಂದೆ ನಮ್ಮ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಇತ್ತು. ಅಂಕಲ್ ಹೆಂಡತಿ ಸುಶೀಲಾ ಆಂಟಿ ಕೆಮ್ಮುತ್ತಲೇ ಎಣ್ಣೆಗಾಯಿ ತಂದಿದ್ದರು. "ಏನಾರ ಗುಳಿಗಿ ಕೊಡ ಯವ್ವಾ, ಮಗಳ ಸೀಮಂತಕ್ಕ ಹೋಗಬೇಕು ನಾ" ಎಂದರು.

ವೈರಲ್ ಆಂಟಿ, ತಾನೇ ಹೋಗುತ್ತದೆ ಎಂದು ಎರಡು ಸಲ ಹೇಳಿದೆ.

ಆಂಟಿ ಮೂರನೇ ಸಲ ಕೇಳಿದಾಗ ಅಂಕಲ್ ನಕ್ಕರು. "ದೊಡ್ಡ ಡಾಕ್ಟರ್ ಆಗ್ಯಾಳ, ಈಗ ನಮಗ ಗುಳಿಗಿ ಕೊಡ್ತಾಳೇನು?" ಪಕ್ಕದಲ್ಲಿದ್ದವರೂ ನಕ್ಕರು.

ನಾನು ಎದ್ದು ಅಡುಗೆಮನೆಗೆ ಹೋದೆ. ಮೇಲಿನ ಕಪಾಟಿನಲ್ಲಿ, ಶೇಂಗಾ ಚಟ್ನಿಪುಡಿಯ ಡಬ್ಬಿ ಪಕ್ಕದಲ್ಲಿ, ಪ್ರತಿ ಸಲ ಹುಬ್ಬಳ್ಳಿಯಿಂದ ಸೂಟ್‌ಕೇಸಿನಲ್ಲಿ ತರುವ ಮಾತ್ರೆಗಳ ಚೀಲ. ನಮ್ಮಲ್ಲಿ ಯಾರ ಮನೆಯಲ್ಲಿಲ್ಲ ಹೇಳಿ?

ಆಂಟಿಬಯೋಟಿಕ್ ಸ್ಟ್ರಿಪ್ ತೆಗೆದು ಆಂಟಿಯ ಕೈಗಿಟ್ಟೆ. ಚೀಟಿ ಇಲ್ಲ, ಪರೀಕ್ಷೆ ಇಲ್ಲ, ಕಿಡ್ನಿ ಹೇಗಿದೆ ಎಂದು ಕೇಳಲೂ ಇಲ್ಲ.

ಭಾನುವಾರ ವಾಪಸ್ ಬಂದವಳೇ ಆಸ್ಪತ್ರೆಗೆ ಹೋದೆ. ಅಂದುಕೊಂಡದ್ದೇ ಆಗಿತ್ತು. ಆಂಟಿಬಯೋಟಿಕ್ ಕರುಳನ್ನು ಬರಿದು ಮಾಡಿದ ಮೇಲೆ ನುಗ್ಗುವ ಸೋಂಕು, ನನ್ನ ಭಾಷಣದ ಒಂಬತ್ತನೇ ಸ್ಲೈಡ್. ಕಿಡ್ನಿಗೂ ಪೆಟ್ಟು ಬಿದ್ದಿತ್ತು. ಆಂಟಿಯ ತುಟಿ ಒಣಗಿ ಬಿರಿದಿತ್ತು.

ರೌಂಡ್ಸ್‌ಗೆ ಬಂದ ಚಿಕ್ಕ ವಯಸ್ಸಿನ ಡಾಕ್ಟರ್ ಕೇಳಿದ, ಈ ಮಾತ್ರೆ ಯಾರು ಕೊಟ್ಟರು?

ಆಂಟಿ ನನ್ನ ಕಡೆ ನೋಡಲಿಲ್ಲ. "ಫ್ರಮ್ ಇಂಡಿಯಾ. ಮೈಸೆಲ್ಫ್ ಓನ್ಲಿ."

ಅವನು ನಿಟ್ಟುಸಿರು ಬಿಟ್ಟ. ಡಾಕ್ಟರನ್ನು ಕೇಳದೆ ಆಂಟಿಬಯೋಟಿಕ್ ನುಂಗಬಾರದು ಎಂದು ಮಕ್ಕಳಿಗೆ ಹೇಳುವ ಹಾಗೆ ಐದು ನಿಮಿಷ ಹೇಳಿದ. ಎಲ್ಲ ಹಿಂದಿನ ದಿನ ನಾನು ಹೇಳಿದ್ದೇ. ಆಂಟಿ ತಲೆ ತಗ್ಗಿಸಿಕೊಂಡು "ಸಾರಿ ಡಾಕ್ಟರ್" ಎನ್ನುತ್ತಿದ್ದರು.

ನಾನು ಬ್ಯಾಗ್ ಅಪ್ಪಿಕೊಂಡು ಅಲ್ಲೇ ಕುಳಿತಿದ್ದೆ.

ಅವನು ಹೋದ ಮೇಲೆ ಆಂಟಿ ನನ್ನ ಕೈ ಒತ್ತಿದರು. "ನಿನ್ನ ಹೆಸರು ಯಾಕ್ ಹೇಳ್ಲಿ ಯವ್ವಾ, ನಿನ್ನ ಲೈಸೆನ್ಸಿಗೆ ತೊಂದ್ರಿ ಆಗ್ತದ."

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಸುಮ್ಮನೇ ತಲೆ ಆಡಿಸಿದೆ.

ಸೀಮಂತ ನಿನ್ನೆ ಆಯಿತು. ಆಂಟಿ ಆಸ್ಪತ್ರೆಯ ಹಾಸಿಗೆಯಿಂದ ವಿಡಿಯೋ ಕಾಲ್‌ನಲ್ಲಿ ನೋಡಿದರು. ಇವತ್ತಿಗೂ ಅವರ ಚಾರ್ಟ್‌ನಲ್ಲಿ, ರೋಗಿ ತಾನೇ ಮಾತ್ರೆ ತೆಗೆದುಕೊಂಡಿದ್ದಾರೆ ಎಂದೇ ಇದೆ.

ಮುಂದಿನ ತಿಂಗಳು ಇದೇ ಭಾಷಣಕ್ಕೆ ಆನ್ ಆರ್ಬರ್‌ನಿಂದ ಕರೆ ಬಂದಿದೆ. ಬರುತ್ತೇನೆ ಎಂದು ಉತ್ತರವನ್ನೂ ಕಳಿಸಿದ್ದೇನೆ.

ಇದನ್ನು ಟೈಪ್ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು; ಆ ಡಾಕ್ಟರಿಗೆ ಫೋನ್ ಮಾಡಿ ನಿಜ ಹೇಳಲು ಎರಡು ನಿಮಿಷ ಸಾಕಿತ್ತು, ಅಲ್ಲವೇ?